ಗಣಿಯೊಳಗಿನ ಫೇಸ್‌ಗೆ ಹೈಪರ್‌ಸ್ಪೆಕ್ಟ್ರಲ್ ಕ್ಯಾಮೆರಾ: ಎಲ್ಲಿ ನೋಡಿದ್ರೂ ಕ್ಯಾಲ್ಸೈಟ್ ತೋರಿಸ್ತಿದೆ, ದೀಪದ ಸಮಸ್ಯೆನಾ?

ಫೇಸ್‌ಮ್ಯಾಪರ್ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನೆಲದಡಿಯ ಲೋಹದ ಗಣಿಯೊಂದರಲ್ಲಿ ಜಿಯಾಲಜಿಸ್ಟ್ ಆಗಿದ್ದೀನಿ. ಬ್ಲಾಸ್ಟ್ ಆಗಿ, ಹೊಗೆ ಹೋಗಿ, ಕಲ್ಲು ಎತ್ತಿದ ಮೇಲೆ ಹೊಸ ಫೇಸ್ (ಸುರಂಗದ ತುದಿಯ ಬಂಡೆಗೋಡೆ) ಮುಂದೆ ನಿಂತು, ಬೆಣಚುಕಲ್ಲಿನ ಸಿರೆ ಎಲ್ಲಿ ಓಡಿದೆ, ಅದರ ಆಚೀಚೆ ಶಿಸ್ಟ್ ಅನ್ನೋ ಪದರುಗಲ್ಲು ಎಷ್ಟು ಬದಲಾಗಿದೆ ಅಂತ ಕ್ಯಾಪ್ ಲ್ಯಾಂಪ್ ಬೆಳಕಲ್ಲಿ ನೋಡಿ ಚಿತ್ರ ಬಿಡಿಸೋದು ನನ್ನ ಕೆಲಸ. ಒಂದೇ ಫೇಸ್‌ನ ನಾನು ಬಿಡಿಸಿದ್ದಕ್ಕೂ ಮುಂದಿನ ಪಾಳಿಯವರು ಬಿಡಿಸಿದ್ದಕ್ಕೂ ತಾಳೆಯೇ ಆಗಲ್ಲ ಅನ್ನೋದು ನಮ್ಮಲ್ಲಿ ಹಳೇ ತಕರಾರು.

ಈಗ ಒಂದು ಹೈಪರ್‌ಸ್ಪೆಕ್ಟ್ರಲ್ ಕ್ಯಾಮೆರಾ ಎರವಲು ಸಿಕ್ಕಿದೆ: ಬೆಳಕನ್ನ ತರಂಗದೂರಗಳಾಗಿ ಬಿಡಿಸಿ, ಕಲ್ಲು ಯಾವುದನ್ನ ಹೀರಿದೆ (ಅಲ್ಲಿ ತಗ್ಗು ಕಾಣುತ್ತೆ) ಅಂತ ನೋಡಿ ಖನಿಜ ಗುರುತಿಸೋದು. ಸಾಲು ಸಾಲಾಗಿ ಓದೋ ಲೈನ್ ಸ್ಕ್ಯಾನರ್. 400ರಿಂದ 1000 ನ್ಯಾನೊಮೀಟರ್‌ಗೆ ಒಂದು ಸೆನ್ಸರ್, 1000ದಿಂದ 2500ಕ್ಕೆ ಇನ್ನೊಂದು. ತಿರುಗೋ ತಲೆಯ ಟ್ರೈಪಾಡ್ ಮೇಲಿಟ್ಟು, ಬೆಳಕು ಒಳಬರೋ ಸೀಳು ಮೇಲಿಂದ ಕೆಳಕ್ಕೆ ಬರೋ ಹಾಗೆ ನಿಲ್ಲಿಸಿ, ಎಡದಿಂದ ಬಲಕ್ಕೆ ತಿರುಗಿಸ್ತೀನಿ.

ವ್ಯವಸ್ಥೆ ಹೀಗಿದೆ. ಡ್ರೈವ್ (ಸುರಂಗ) 4.5 ಮೀಟರ್ ಅಗಲ, ಹೆಚ್ಚುಕಡಿಮೆ ಅಷ್ಟೇ ಎತ್ತರ. ಕ್ಯಾಮೆರಾ ಫೇಸ್‌ನಿಂದ 5 ಮೀಟರ್ ಹಿಂದೆ, ಕುಸಿಯದ ಹಾಗೆ ಬೋಲ್ಟ್ ಹಾಕಿರೋ ಛಾವಣಿ ಕೆಳಗೆ. ಅದರ ಪಕ್ಕದಲ್ಲೇ ಅಡ್ಡಪಟ್ಟಿಗೆ ಕಟ್ಟಿದ ಸಣ್ಣ ಹ್ಯಾಲೊಜೆನ್ ಸ್ಪಾಟ್ ದೀಪಗಳು: ಷೋಕೇಸ್ ಒಳಗೆ ಹಾಕ್ತಾರಲ್ಲ, ಹಿಂದೆ ಗಾಜಿನ ಬಟ್ಟಲು ಇರೋದು, 36 ಡಿಗ್ರಿ ಹರವು. ಟ್ರಾನ್ಸ್‌ಫಾರ್ಮರ್ ಮೂಲಕ ಗಣಿಯ ಎಸಿ ಲೈನ್‌ಗೇ ಕೊಟ್ಟಿದ್ದೀನಿ. ಬೆಳಕು ಸಾಲದು ಅಂತ ಇನ್ನೂ ಮೂರು ಮೀಟರ್ ಹಿಂದೆ ಎಲ್‌ಇಡಿ ಟವರ್ ಲೈಟ್ ಎರಡು. ಕಲ್ಲಿನ ಓದನ್ನ ಭಾಗಿಸೋಕೆ ಅಳತೆಗೋಲಾಗಿರೋ ಸ್ಪೆಕ್ಟ್ರಲಾನ್ ಬಿಳಿ ಫಲಕ ಫೇಸ್‌ನಿಂದ 2 ಮೀಟರ್ ಈಚೆ, ಸ್ಟ್ಯಾಂಡ್ ಮೇಲೆ. ಅದಕ್ಕಿಂತ ಮುಂದೆ ಹೋಗೋ ಹಾಗಿಲ್ಲ, ಅಲ್ಲಿಂದಾಚೆ ಮೇಲೆ ಬೋಲ್ಟ್ ಬಿದ್ದಿರಲ್ಲ.

ಬರ್ತಿರೋ ಡೇಟಾ ನೋಡಿ:

ಕಣ್ಣಿಗೆ ಕಾಣೋ ಭಾಗ ಅದ್ಭುತ. 700 ದಾಟಿದ್ರೆ ಸಿಗ್ನಲ್ ಕುಸಿಯುತ್ತೆ, 2000 ದಾಟಿದ ಮೇಲೆ ಬರೀ ನಾಯ್ಸ್. ಫೇಸ್ ಮಧ್ಯದಲ್ಲಿ ಬಿಳಿ ಅಭ್ರಕದ 2200ರ ತಗ್ಗು ಕಷ್ಟಪಟ್ಟು ಕಾಣುತ್ತೆ, ಅಂಚಿಗೆ ಹೋದ್ರೆ ಅದೂ ಇಲ್ಲ. ಚಿತ್ರದ ತುಂಬಾ ಮೇಲಿಂದ ಕೆಳಕ್ಕೆ ಪಟ್ಟೆ ಪಟ್ಟೆ. ಇದೆಲ್ಲಕ್ಕಿಂತ ತಲೆ ಕೆಡಿಸಿರೋದು, 2300ರಿಂದ 2350ರ ನಡುವೆ ಎಲ್ಲೆಲ್ಲೂ ಒಂದು ಅಗಲವಾದ ತಗ್ಗು. ಸಾಫ್ಟ್‌ವೇರ್ ಅದಕ್ಕೆಲ್ಲ ಕ್ಯಾಲ್ಸೈಟ್ ಅಂತ ಹೆಸರು ಕೊಡ್ತಿದೆ. ಕ್ಯಾಲ್ಸೈಟ್ ಆಗಿದ್ರೆ ಆಸಿಡ್ಡಿಗೆ ನೊರೆ ಬರಬೇಕು, ಆ ಶಿಸ್ಟ್ ಮೇಲೆ ಹನಿ ಹಾಕಿದ್ರೆ ಒಂದು ಗುಳ್ಳೆ ಕೂಡ ಬರಲ್ಲ.

ಕ್ಯಾಮೆರಾ ಕೆಟ್ಟಿದೆ ಅಂತ ವಾಪಸ್ ಕಳಿಸ್ಬೇಕಾ? ಅಥವಾ ನೆಲದಡಿ ಇದು ಆಗೋ ಕೆಲಸಾನೇ ಅಲ್ವಾ?

ಲೆನ್ಸ್‌ಮೋಹಿ ಉತ್ತರ:

ನಾನು ಕಲ್ಲು ಗೊತ್ತಿರೋನಲ್ಲ, ಬೆಳಕು ಗೊತ್ತಿರೋನು. ಮೊದಲು ಆ ಟವರ್ ಲೈಟ್ ಆರಿಸಿ. ಬಿಳಿ ಎಲ್‌ಇಡಿ ಅಂದ್ರೆ 450 ನ್ಯಾನೊಮೀಟರ್ ಹತ್ತಿರ ನೀಲಿಯ ಒಂದು ಚೂಪು ಶಿಖರ, ಆಮೇಲೆ ಫಾಸ್ಫರ್ ಕೊಡೋ ಹಳದಿ ದಿಬ್ಬ, ಅಷ್ಟೇ. 750 ದಾಟಿದ ಮೇಲೆ ಅದರಲ್ಲಿ ಬೆಳಕೇ ಇಲ್ಲ. ಕಣ್ಣಿಗೆ ಫೇಸ್ ಝಗಮಗ ಅನ್ನಿಸಿದ್ರೂ ನಿಮ್ಮ ಎರಡನೇ ಸೆನ್ಸರ್ ಪಾಲಿಗೆ ಅಲ್ಲಿ ಕತ್ತಲೆ.

ಕೋರ್‌ಷೆಡ್ ಉತ್ತರ:

ಕ್ಯಾಮೆರಾ ವಾಪಸ್ ಕಳಿಸಬೇಡಿ. ನೀವು ಹೇಳಿದ ಲಕ್ಷಣಗಳಲ್ಲಿ ಒಂದೂ ಕ್ಯಾಮೆರಾದ್ದಲ್ಲ. ನಾನು ವರ್ಷಗಟ್ಟಲೆ ಕೊರೆದ ಕೋರ್‌ಗಳನ್ನು ಸ್ಕ್ಯಾನ್ ಮಾಡಿದವನು, ಆಮೇಲೆ ಅದೇ ಸಾಮಾನು ಹೊತ್ತು ಗಣಿಗೆ ಇಳಿದವನು. ಷೆಡ್ಡಿನಲ್ಲಿ ದೀಪವನ್ನು ತಯಾರಕರೇ ಜೋಡಿಸಿ ಕೊಟ್ಟಿರುತ್ತಾರೆ, ನಾವು ಅದರ ಬಗ್ಗೆ ಯೋಚಿಸುವುದೇ ಇಲ್ಲ. ನೆಲದಡಿಯಲ್ಲಿ ಅಳತೆಯ ಉಪಕರಣದ ಅರ್ಧ ಭಾಗ ದೀಪವೇ. ಹಾಗಾಗಿ ಲೆನ್ಸ್‌ಮೋಹಿ ಹೇಳಿದಲ್ಲಿಂದಲೇ ಮುಂದುವರಿಸುತ್ತೇನೆ.

ಎಲ್‌ಇಡಿಯಿಂದ ಸ್ವಿರ್ ಭಾಗಕ್ಕೆ, ಅಂದರೆ 1000ದಿಂದ 2500ರವರೆಗಿನ ಅವಕೆಂಪಿಗೆ, ಉಪಯೋಗವಿಲ್ಲ ಎನ್ನುವುದು ಅರ್ಧ ಮಾತು. ಅದು ಕೆಡಕನ್ನೂ ಮಾಡುತ್ತದೆ. ನಿಮ್ಮ ಹ್ಯಾಲೊಜೆನ್ ಫೇಸ್‌ಗೆ 5 ಮೀಟರ್, ಫಲಕಕ್ಕೆ 3 ಮೀಟರ್. ದೂರದ ವರ್ಗಕ್ಕೆ ತಕ್ಕಂತೆ ಬೆಳಕು ಕುಗ್ಗುವುದರಿಂದ ಫಲಕಕ್ಕೆ ಫೇಸ್‌ಗಿಂತ ಸುಮಾರು 2.8 ಪಟ್ಟು ಹೆಚ್ಚು ಹ್ಯಾಲೊಜೆನ್ ಬೀಳುತ್ತದೆ. ಟವರ್ ಲೈಟ್ ಫೇಸ್‌ಗೆ 8, ಫಲಕಕ್ಕೆ 6 ಮೀಟರ್: ಇದು ಸುಮಾರು 1.8 ಪಟ್ಟು. ಒಂದೇ ಜಾತಿಯ ದೀಪವಾಗಿದ್ದರೆ ಇಡೀ ರೋಹಿತ ಒಂದೇ ಪ್ರಮಾಣದಲ್ಲಿ ಕೆಳಗಿಳಿಯುತ್ತಿತ್ತು, ಆಕಾರ ಉಳಿಯುತ್ತಿತ್ತು. ಕೋನ ಅಳೆದು ಹೋಲಿಸುವ ಸ್ಪೆಕ್ಟ್ರಲ್ ಆಂಗಲ್ ಮ್ಯಾಪರ್‌ನಂಥ ವಿಧಾನಕ್ಕೆ ಹೊಳಪಿನ ಹೆಚ್ಚುಕಡಿಮೆ ಲೆಕ್ಕಕ್ಕಿಲ್ಲ. ಎರಡು ಜಾತಿಯ ದೀಪ ಎರಡು ಜಾಗದಿಂದ ಬಿದ್ದಾಗ ಮಾತ್ರ 700ರ ಎಡಕ್ಕೆ ಒಂದು ಪ್ರಮಾಣ, ಬಲಕ್ಕೆ ಇನ್ನೊಂದು. ಅದೂ ಫೇಸ್‌ನ ಮೂಲೆಮೂಲೆಗೆ ಬೇರೆಬೇರೆ. ಇದನ್ನು ಆಮೇಲೆ ಯಾವ ಸಾಫ್ಟ್‌ವೇರೂ ಬಿಡಿಸಿಕೊಡದು. ಸ್ಕ್ಯಾನ್ ನಡೆಯುವಾಗ ಸಹಾಯಕರ ಕ್ಯಾಪ್ ಲ್ಯಾಂಪ್ ಕೂಡ ಫೇಸ್ ಕಡೆ ತಿರುಗಬಾರದು, ಕಾರಣ ಇದೇ.

ಈಗ ಹ್ಯಾಲೊಜೆನ್. ಆಯ್ಕೆ ಸರಿ, ಮಾದರಿ ತಪ್ಪು. ಟಂಗ್‌ಸ್ಟನ್ ಫಿಲಮೆಂಟ್ 3000 ಕೆಲ್ವಿನ್ ಆಸುಪಾಸು ಉರಿಯುತ್ತದೆ. ವೀನ್ ನಿಯಮದ ಪ್ರಕಾರ ಅದರ ಶಿಖರ 970 ನ್ಯಾನೊಮೀಟರ್ ಹತ್ತಿರ, ಅಲ್ಲಿಂದ ಮೆಲ್ಲಗೆ ಇಳಿಯುತ್ತಾ 2300ರಲ್ಲಿಯೂ ಶಿಖರದ ಕಾಲು ಭಾಗದಷ್ಟು ಉಳಿದಿರುತ್ತದೆ. ಚೂಪು ಗೆರೆಗಳಿಲ್ಲದ ನುಣುಪು ರೋಹಿತ, ನಮಗೆ ಬೇಕಾದ್ದೇ ಅದು. ಆದರೆ ನಿಮ್ಮ ಷೋಕೇಸ್ ದೀಪದ ಗಾಜಿನ ಬಟ್ಟಲು ಡೈಕ್ರೋಯಿಕ್ ಲೇಪದ್ದು. ಗಾಜಿನೊಳಗಿನ ವಸ್ತು ಬಿಸಿಯಾಗದಿರಲಿ ಎಂದು, ಕಾಣುವ ಬೆಳಕನ್ನು ಮುಂದಕ್ಕೆ ಚಿಮ್ಮಿಸಿ ಅವಕೆಂಪಿನ ದೊಡ್ಡ ಪಾಲನ್ನು ಬೆನ್ನ ಹಿಂದೆ ಬಿಟ್ಟುಬಿಡುವುದೇ ಆ ಲೇಪದ ಕೆಲಸ. ನಿಮಗೆ ಬೇಕಾದ ಬೆಳಕೆಲ್ಲ ನಿಮ್ಮ ಹಿಂದಿನ ಡ್ರೈವ್‌ಗೆ ಬೀಳುತ್ತಿದೆ! ಬಟ್ಟಲನ್ನು ಹಿಂದಿನಿಂದ ನೋಡಿ, ಬಣ್ಣದ ಬೆಳಕು ಸೋರುತ್ತಿದ್ದರೆ ಅದು ಡೈಕ್ರೋಯಿಕ್. ಅಲ್ಯೂಮಿನಿಯಂ ಬಟ್ಟಲಿನ ದೀಪ ತನ್ನಿ.

ಅಂಚಿನಲ್ಲಿ ಸಿಗ್ನಲ್ ಸಾಯುವುದಕ್ಕೆ 36 ಡಿಗ್ರಿಯೇ ಉತ್ತರ. ಅಂಥ ದೀಪದ ಬೆಳಕು ನಡುಗೆರೆಯಿಂದ 18 ಡಿಗ್ರಿ ಸರಿದಾಗ ಅರ್ಧಕ್ಕಿಳಿಯುತ್ತದೆ. 5 ಮೀಟರ್ ದೂರದಲ್ಲಿ ಆ ಅರ್ಧದ ವೃತ್ತದ ತ್ರಿಜ್ಯ 1.6 ಮೀಟರ್ ಚಿಲ್ಲರೆ. ನಿಮ್ಮ ಅಂಚು ಇರುವುದು 2.25ರಲ್ಲಿ. ಎಲ್ಲ ದೀಪವನ್ನೂ ನಡುವಿಗೇ ಗುರಿಯಿಟ್ಟಿದ್ದೀರಿ ಅನ್ನಿಸುತ್ತದೆ. ಅಗಲ ಹರವಿನ ದೀಪವನ್ನು ಎರಡು ಪಕ್ಕದ ಗೋಡೆಗೆ ಒತ್ತಿ ನಿಲ್ಲಿಸಿ, ಎಡದ್ದು ಬಲ ಅಂಚಿಗೆ, ಬಲದ್ದು ಎಡ ಅಂಚಿಗೆ ತಿರುಗಿರಲಿ. ಬ್ಲಾಸ್ಟ್ ಆದ ಫೇಸ್ ಸಪಾಟಾಗಿರುವುದಿಲ್ಲ. ಒಂದೇ ಕಡೆಯಿಂದ ಬೆಳಕು ಬಿದ್ದರೆ ಪ್ರತಿ ಉಬ್ಬಿನ ಪಕ್ಕ ಒಂದು ಕರಿ ನೆರಳು, ಆ ನೆರಳಿನೊಳಗೆ ರೋಹಿತವೇ ಇರುವುದಿಲ್ಲ.

ಪಟ್ಟೆಗಳ ವಿಚಾರ ನನಗೆ ಇಷ್ಟದ್ದು, ಏಕೆಂದರೆ ಪಟ್ಟೆಯ ದಿಕ್ಕೇ ರೋಗ ಹೇಳುತ್ತದೆ. ಕ್ಯಾಮೆರಾ ತಿರುಗುವ ದಿಕ್ಕಿನಲ್ಲಿ, ಅಂದರೆ ನಿಮ್ಮ ಚಿತ್ರದಲ್ಲಿ ಅಡ್ಡಡ್ಡಲಾಗಿ, ಪಟ್ಟೆ ಬಂದಿದ್ದರೆ ಸೆನ್ಸರಿನ ಕೆಟ್ಟ ಪಿಕ್ಸೆಲ್ ಅಥವಾ ಸೀಳಿನ ಮೇಲೆ ಕೂತ ದೂಳು. ನಿಮ್ಮದು ಸೀಳಿಗೆ ಸಮಾನಾಂತರವಾಗಿದೆ. ಒಂದು ಸಾಲು ಓದುವಾಗ ಬೆಳಕು ಹೆಚ್ಚಿತ್ತು, ಮುಂದಿನ ಸಾಲಿಗೆ ಕಡಿಮೆಯಾಯಿತು ಎಂದರ್ಥ. 50 ಹರ್ಟ್ಜ್ ಎಸಿಯಲ್ಲಿ ದೀಪ ಸೆಕೆಂಡಿಗೆ 100 ಸಲ ಏರಿಳಿಯುತ್ತದೆ, 60 ಹರ್ಟ್ಜ್ ಆದರೆ 120 ಸಲ. ಫಿಲಮೆಂಟ್ ಬಿಸಿ ಹಿಡಿದಿಟ್ಟುಕೊಳ್ಳುವುದರಿಂದ ಕಣ್ಣಿಗೆ ಗೊತ್ತಾಗದು, ಸೆನ್ಸರಿಗೆ ಗೊತ್ತಾಗುತ್ತದೆ. ತುರ್ತಿಗೆ ಎಕ್ಸ್‌ಪೋಷರನ್ನು 10 ಮಿಲಿಸೆಕೆಂಡಿನ ಗುಣಕಕ್ಕೆ ಇಡಬಹುದು (ಅದು 50 ಹರ್ಟ್ಜ್ ಲೈನಿಗೆ). ಸರಿಯಾದ ದಾರಿ ಡಿಸಿ. ಬ್ಯಾಟರಿಯಾದರೆ ಮಧ್ಯೆ ರೆಗ್ಯುಲೇಟರ್ ಇರಲೇಬೇಕು: ವೋಲ್ಟೇಜು ನೂರಕ್ಕೆ 5ರಷ್ಟು ಇಳಿದರೆ ಕಾಣುವ ಬೆಳಕು ನೂರಕ್ಕೆ 16ರಷ್ಟು ಬೀಳುತ್ತದೆ, ಜೊತೆಗೆ ಬಣ್ಣ ಕೆಂಪಿನ ಕಡೆ ಸರಿಯುತ್ತದೆ. ದೀಪ ಹಚ್ಚಿ ಅರ್ಧ ಗಂಟೆ ಬಿಟ್ಟು ಸ್ಕ್ಯಾನ್ ಶುರು ಮಾಡಿ.

ಫಲಕದ ಜಾಗಕ್ಕೆ ಒಂದು ಉಪಾಯ. ಕ್ಯಾಮೆರಾ ಮತ್ತು ದೀಪ ಎರಡನ್ನೂ ಒಂದೇ ಚೌಕಟ್ಟಿಗೆ ಬಿಗಿದುಬಿಡಿ. ಫೇಸ್‌ಗೆ ಹೋಗುವ ಮೊದಲು ಹಿಂದಿನ ಬೋಲ್ಟ್ ಹಾಕಿದ ಡ್ರೈವ್‌ನಲ್ಲಿ ಸರಿಯಾಗಿ 5 ಮೀಟರ್ ದೂರ ಫಲಕ ನಿಲ್ಲಿಸಿ, ನಡುವೆ, ಎಡಕ್ಕೆ, ಬಲಕ್ಕೆ ಸರಿಸುತ್ತಾ ಓದಿಕೊಳ್ಳಿ. ಆಮೇಲೆ ಇಡೀ ಚೌಕಟ್ಟನ್ನು ಮುಂದೆ ತಳ್ಳಿ. ಫಲಕವೂ ಅಷ್ಟೇ ದೂರದಲ್ಲಿದ್ದರೆ ನಡುವಿನ ಗಾಳಿಯ ತೇವಾಂಶ ಹೀರಿದ್ದೂ ಭಾಗಾಕಾರದಲ್ಲಿ ಬಹುಪಾಲು ಹೊರಟುಹೋಗುತ್ತದೆ.

ಇಲ್ಲೊಂದು ಮಾತು ಹೇಳದೆ ಮುಂದೆ ಹೋಗಲಾರೆ. ಮೇಲೆ ಬಿಸಿಲಿನಲ್ಲಿ ಬಂಡೆ ಸ್ಕ್ಯಾನ್ ಮಾಡುವವರಿಗೆ 1400 ಮತ್ತು 1900ರ ಸುತ್ತ ಏನೂ ಸಿಗುವುದಿಲ್ಲ. ವಾತಾವರಣದ ನೀರಾವಿ ಆ ಬೆಳಕನ್ನು ನೆಲ ಮುಟ್ಟಲು ಬಿಡುವುದಿಲ್ಲ. ವಿಮಾನದಿಂದ ತೆಗೆದ ರೋಹಿತಗಳಲ್ಲಿ ಆ ಎರಡು ಜಾಗ ಖಾಲಿ ಬಿಟ್ಟಿರುವುದನ್ನು ನೋಡಿರುತ್ತೀರಿ. ನೆಲದಡಿಯಲ್ಲಿ ದೀಪದಿಂದ ಕಲ್ಲಿಗೆ ಕೆಲವೇ ಮೀಟರ್. ಆ ಎರಡೂ ಕಿಟಕಿ ನಮಗೆ ತೆರೆದಿವೆ. ಫೇಸ್ ಒದ್ದೆಯಿದೆಯೇ ಎಂದು ಪಿಕ್ಸೆಲ್ ಪಿಕ್ಸೆಲ್‌ಗೂ ಹೇಳುವುದು ನೀರಿನ 1940ರ ತಗ್ಗೇ. ಅದು ಒಂದು ಮಿತಿಗಿಂತ ಆಳವಿದ್ದರೆ ಆ ಪಿಕ್ಸೆಲ್ ಬಿಟ್ಟುಬಿಡಿ. ನೀರಿನ ಪದರ 2200ರ ತಗ್ಗನ್ನೂ ಮಂಕು ಮಾಡುತ್ತದೆ. ಜಿಪ್ಸಂ, ಸ್ಮೆಕ್ಟೈಟ್ ಮುಂತಾದವು ತಮ್ಮೊಳಗೇ ನೀರಿಟ್ಟುಕೊಂಡ ಖನಿಜಗಳು, ಅವುಗಳ ವಿಷಯದಲ್ಲಿ ಈ ಜರಡಿ ಸ್ವಲ್ಪ ಎಚ್ಚರದಿಂದ.

ನಾಯ್ಸ್ ಉಳಿದರೆ ಎಕ್ಸ್‌ಪೋಷರನ್ನು ಸುಮ್ಮನೆ ಎಳೆಯುತ್ತಾ ಹೋಗಬೇಡಿ, ಬೆಳಕಿಲ್ಲದೆಯೂ ಸೆನ್ಸರಿನಲ್ಲಿ ಹುಟ್ಟುವ ಡಾರ್ಕ್ ಸಿಗ್ನಲ್ಲೂ ಜೊತೆಗೇ ಬೆಳೆಯುತ್ತದೆ. ಒಂದೇ ಸಾಲನ್ನು ನಾಲ್ಕು ಸಲ ಓದಿ ಸರಾಸರಿ ತೆಗೆದರೆ ನಾಯ್ಸ್ ಅರ್ಧವಾಗುತ್ತದೆ. ಅಥವಾ ಪಿಕ್ಸೆಲ್ ಎರಡೆರಡು ಕೂಡಿಸಿ. ಸಿರೆಯ ಅಂಚು ಹಿಡಿಯಲು ಸೆಂಟಿಮೀಟರ್ ಸಾಕು.

ಕೊನೆಗೆ ನಿಮ್ಮ ಕ್ಯಾಲ್ಸೈಟ್. ಆಸಿಡ್ಡಿಗೆ ಗುಳ್ಳೆ ಬರಲಿಲ್ಲ ಅಂದಮೇಲೆ ನಂಬಬೇಕಾದ್ದು ಆಸಿಡ್ಡನ್ನು. ಆ ಜಾಗದಲ್ಲಿ ತಗ್ಗು ತೋರಿಸುವವರು ಬಹಳ ಜನ. ಕ್ಯಾಲ್ಸೈಟಿನದು 2340ರ ಹತ್ತಿರ, ಡಾಲೊಮೈಟಿನದು 2320. ಕ್ಲೋರೈಟ್ ಎಂಬ ಹಸಿರು ಖನಿಜಕ್ಕೂ 2340–2350ರಲ್ಲಿ ಒಂದಿದೆ, ಆದರೆ ಅದರ ಜೊತೆಗೆ 2250ರಲ್ಲಿ ಇನ್ನೊಂದು ಸಣ್ಣದು ಇರಲೇಬೇಕು. ಇನ್ನೊಬ್ಬನು ಕಲ್ಲೇ ಅಲ್ಲ: ಎಣ್ಣೆ. ಹೈಡ್ರೋಕಾರ್ಬನ್ನಿಗೆ 2310ರಲ್ಲಿ ತಗ್ಗು, ಅದರ ಜೋಡಿ 1730ರಲ್ಲಿ. ಡ್ರಿಲ್ಲಿನ ಎಣ್ಣೆ ಮಂಜಿನಂತೆ ಹಾರುತ್ತದೆ, ಲೋಡರ್ ಡೀಸೆಲ್ ಉಗುಳುತ್ತದೆ, ಸಿಡಿಮದ್ದು ಆನ್ಫೋ ಆಗಿದ್ದರೆ ಅದರಲ್ಲೇ ನೂರಕ್ಕೆ 6 ಪಾಲು ಡೀಸೆಲ್. ಈ ಬೆಳಕು ಬಂಡೆಯೊಳಗೆ ಇಳಿಯುವುದೇ ಕೆಲವು ಹತ್ತು ಮೈಕ್ರಾನ್. ಮೇಲೆ ಕೂತ ಪದರವನ್ನೇ ಅದು ಬಂಡೆ ಎಂದು ಓದುತ್ತದೆ. 2250 ಮತ್ತು 1730 ಎರಡನ್ನೂ ಹುಡುಕಿ ನೋಡಿ ಬರೆಯಿರಿ.

ಸ್ಕೇಲಿಂಗ್‌ಬಾರ್ ಉತ್ತರ:

ಮೇಲಿನವರು ಹೇಳಿದ ಭೌತಶಾಸ್ತ್ರವೆಲ್ಲ ಸರಿ ಇರಬಹುದು. ನಾನು ಪ್ರೊಡಕ್ಷನ್ ಕಡೆಯವನು, ಎರಡು ಮಾತು.

ಒಂದು, ನೀವು ಸ್ಕ್ಯಾನ್ ಮಾಡ್ತಿರೋ ಹೊತ್ತೇ ತಪ್ಪು. ಕಲ್ಲು ಎತ್ತಿ ಸ್ಕೇಲಿಂಗ್ (ಸಡಿಲ ಕಲ್ಲು ಕೆಡವೋದು) ಮುಗಿದ ತಕ್ಷಣ ಯಾಕೆ ಓಡ್ತೀರಿ? ಬೋಲ್ಟಿಂಗ್ ಮುಗಿಯಲಿ. ಬೋಲ್ಟರ್ ಈಚೆ ಬಂದ ಮೇಲೆ, ಜಂಬೋ ಅನ್ನೋ ಡ್ರಿಲ್ ಯಂತ್ರ ಬಂದು ಮುಂದಿನ ರೌಂಡ್ ಕೊರೆಯೋ ಮೊದಲು ಸ್ವಲ್ಪ ಹೊತ್ತು ಫೇಸ್ ಖಾಲಿ ಇರುತ್ತೆ. ಷಿಫ್ಟ್ ಬಾಸ್ ಹತ್ರ ಅದನ್ನು ಕೇಳಿಕೊಳ್ಳಿ. ಆಗ 5 ಮೀಟರ್ ಹಿಂದೆ ನಿಲ್ಲೋ ಅಗತ್ಯ ಇಲ್ಲ, ಫಲಕವನ್ನೂ ಫೇಸ್ ಪಕ್ಕದಲ್ಲೇ ಇಡಬಹುದು. ನಿಮ್ಮಲ್ಲಿ ಪ್ರತಿ ರೌಂಡಿಗೂ ಶಾಟ್‌ಕ್ರೀಟ್ (ಸಿಂಪಡಿಸೋ ಕಾಂಕ್ರೀಟ್) ಹೊಡೀತಾರೆ ಅಂದ್ರೆ ಮಾತ್ರ ಕಷ್ಟ, ಅದರ ಸಿಮೆಂಟ್ ತುಂತುರು ಫೇಸ್ ಮೇಲೂ ಕೂರುತ್ತೆ. ಆಗ ನಿಜವಾಗ್ಲೂ ಎಲ್ಲಾ ಕಡೆ ಕ್ಯಾಲ್ಸೈಟ್ ಸಿಗುತ್ತೆ ನಿಮಗೆ!

ಎರಡು, ಆ ದೀಪ. ಹ್ಯಾಲೊಜೆನ್ ಬಲ್ಬಿನ ಮೈ ಉರಿಯೋವಾಗ 250 ಡಿಗ್ರಿಗಿಂತ ಮೇಲಿರುತ್ತೆ, ಅಷ್ಟಿಲ್ಲದಿದ್ರೆ ಅದು ಸರಿಯಾಗಿ ಕೆಲಸಾನೇ ಮಾಡಲ್ಲ. ಛಾವಣಿಯಿಂದ ಒಂದು ಹನಿ ನೀರು ಬಿದ್ರೆ ಮುಂದಿನ ಸಾದಾ ಗಾಜು ಟಪ್ ಅಂತ ಸಿಡಿಯುತ್ತೆ. ಮೇಲೊಂದು ತಗಡಿನ ಮಾಡು ಕಟ್ಟಿ. ಇದನ್ನ ಓದಿ ಯಾರಾದ್ರೂ ಕಲ್ಲಿದ್ದಲು ಗಣಿಗೆ ಇದೇ ದೀಪ ಹೊತ್ಕೊಂಡು ಹೋಗೋ ಯೋಚನೆಯಲ್ಲಿದ್ರೆ, ದಯವಿಟ್ಟು ಬೇಡ. ಮಿಥೇನ್ ಇರೋ ಕಡೆ ಫ್ಲೇಮ್‌ಪ್ರೂಫ್ ಅನುಮೋದನೆ ಇಲ್ಲದ ಯಾವ ದೀಪವೂ ಒಳಗೆ ಹೋಗಬಾರದು. ಅಲ್ಲಿ ಹೇಗಿದ್ರೂ ಸ್ಫೋಟ ತಡೆಯೋಕೆ ಗೋಡೆಗೆಲ್ಲ ಸುಣ್ಣಕಲ್ಲಿನ ಪುಡಿ ಎರಚಿರ್ತಾರೆ, ನಿಮ್ಮ ಕ್ಯಾಮೆರಾ ನೋಡೋದು ಅದನ್ನೇ.

ಇಷ್ಟೆಲ್ಲ ಯಾಕೆ, ಕೈಯಲ್ಲಿ ಹಿಡಿಯೋ ಸ್ಪೆಕ್ಟ್ರೋಮೀಟರ್ ತಗೊಂಡು ಕಲ್ಲಿಗೆ ಒತ್ತಿ ಓದಬಾರದಾ ಅನ್ನೋದು ನನ್ನ ಪ್ರಶ್ನೆ. ಅದರ ಪ್ರೋಬ್ ಒಳಗೇ ಪುಟ್ಟ ಹ್ಯಾಲೊಜೆನ್ ಇರುತ್ತೆ. ದೂರ, ನೆರಳು, ಹೊರಗಿನ ಬೆಳಕು ಯಾವ ರಗಳೆಯೂ ಇಲ್ಲ.

ಕೋರ್‌ಷೆಡ್ ಉತ್ತರ:

ಬೋಲ್ಟಿಂಗ್ ಆದ ಮೇಲೆ ಹೋಗುವ ಸಲಹೆ ನನ್ನ ಚೌಕಟ್ಟು ತಳ್ಳುವ ಉಪಾಯಕ್ಕಿಂತ ಒಳ್ಳೆಯದು. 5 ಮೀಟರಿಂದ 3.5ಕ್ಕೆ ಬಂದರೆ ಬೆಳಕು ಎರಡು ಪಟ್ಟಾಗುತ್ತದೆ, ಅಷ್ಟಕ್ಕೆ ಹೊಸ ದೀಪವೇ ಬೇಡ.

ಪ್ರೋಬ್ ಬಗ್ಗೆ: ದಿನನಿತ್ಯಕ್ಕೆ ಅದೇ ಸಾಕು ಎನ್ನುವ ಗಣಿಗಳೂ ಇವೆ, ನಾನು ವಾದಿಸುವುದಿಲ್ಲ. ಆದರೆ ಪ್ರೋಬ್ ಎಲ್ಲಿ ಒತ್ತಬೇಕು ಎಂದು ನಿರ್ಧರಿಸುವುದು ಮತ್ತೆ ಅದೇ ಕ್ಯಾಪ್ ಲ್ಯಾಂಪ್ ಬೆಳಕಿನ ಕಣ್ಣು. ಫೇಸ್‌ಮ್ಯಾಪರ್ ಅವರ ತಕರಾರು ಇದ್ದದ್ದೂ ಅಲ್ಲೇ. ಎರಡನ್ನೂ ಇಟ್ಟುಕೊಳ್ಳಿ: ಕ್ಯಾಮೆರಾ ನಕ್ಷೆ ಕೊಡಲಿ, ಪ್ರೋಬ್ ಸಾಕ್ಷಿ ಹೇಳಲಿ.

ಎರಡನೇಸೆಮ್ ಕೇಳಿದ್ದು:

ಮಧ್ಯೆ ಬಾಯಿ ಹಾಕ್ತಿದ್ದೀನಿ, ಕ್ಷಮಿಸಿ. ಎಂಎಸ್ಸಿ ವಿದ್ಯಾರ್ಥಿ. ಅಷ್ಟು ಕಷ್ಟಪಟ್ಟು ಸ್ಕ್ಯಾನ್ ಮಾಡಿದ್ರೆ ಅದಿರು ನೇರವಾಗಿ ಬಣ್ಣದಲ್ಲಿ ಕಾಣುತ್ತಾ ಸರ್? ಚಿನ್ನ, ಪೈರೈಟ್, ಬೆಣಚು ಎಲ್ಲಾ?

ಕೋರ್‌ಷೆಡ್ ಉತ್ತರ:

ಇಲ್ಲ. ಮ್ಯಾನೇಜರುಗಳು ಕೇಳುವ ಮೊದಲ ಪ್ರಶ್ನೆಯೂ ಇದೇ. ಬೆಣಚುಕಲ್ಲಿಗೆ 2500ರ ಒಳಗೆ ತನ್ನದೇ ಆದ ತಗ್ಗಿಲ್ಲ, ಫೆಲ್ಡ್‌ಸ್ಪಾರ್‌ಗೂ ಇಲ್ಲ. ಅವು ಕಾಣಬೇಕಾದರೆ 8000ದಿಂದ 12000 ನ್ಯಾನೊಮೀಟರ್‌ನ ದೀರ್ಘ ಅವಕೆಂಪಿಗೆ ಹೋಗಬೇಕು, ಅದು ಬೇರೆಯೇ ಕ್ಯಾಮೆರಾ. ಪೈರೈಟ್‌ನಂಥ ಸಲ್ಫೈಡುಗಳು ಸ್ವಿರ್‌ನಲ್ಲಿ ಕಪ್ಪಗೆ, ಚಪ್ಪಟೆಯಾಗಿ ಕಾಣುತ್ತವೆ. ಚಿನ್ನವಂತೂ ಇರುವ ಪ್ರಮಾಣಕ್ಕೆ ಪಿಕ್ಸೆಲ್ಲಿಗೆ ಸಿಗುವುದೇ ಇಲ್ಲ.

ನಾವು ಓದುವುದು ಅದಿರು ಬಂದು ಹೋದಾಗ ಸುತ್ತಲಿನ ಬಂಡೆಯಲ್ಲಿ ಆದ ಬದಲಾವಣೆಯನ್ನು: ಬಿಳಿ ಅಭ್ರಕ, ಕ್ಲೋರೈಟ್, ಕಾರ್ಬೊನೇಟ್. ಬಿಳಿ ಅಭ್ರಕದ 2200ರ ತಗ್ಗು ನಿಂತಲ್ಲಿ ನಿಲ್ಲುವುದಿಲ್ಲ, 2190ರಿಂದ 2220ರ ಆಚೀಚೆ ಓಡಾಡುತ್ತದೆ. ಅಲ್ಯೂಮಿನಿಯಂ ಹೆಚ್ಚಿದ್ದರೆ ಚಿಕ್ಕ ತರಂಗದೂರದ ಕಡೆ, ಅದರ ಜಾಗಕ್ಕೆ ಕಬ್ಬಿಣ, ಮೆಗ್ನೀಸಿಯಂ, ಸಿಲಿಕಾನ್ ಬಂದು ಕೂತಿದ್ದರೆ ಉದ್ದದ ಕಡೆ. ಸಿರೆ ಹತ್ತಿರವಾಗುತ್ತಿದೆಯೋ ದೂರವಾಗುತ್ತಿದೆಯೋ ಎನ್ನುವುದಕ್ಕೆ ಅನೇಕ ನಿಕ್ಷೇಪಗಳಲ್ಲಿ ಈ ಸರಿದಾಟವೇ ಗುರುತು.

ಅದಿರೇ ನೇರ ಸಿಗುವ ಅದೃಷ್ಟವಂತರೂ ಇದ್ದಾರೆ. ಜರ್ಮನಿ–ಚೆಕ್ ಗಡಿಯ ಜಿನ್‌ವಾಲ್ಡ್ ನಿಕ್ಷೇಪದಲ್ಲಿ ನೆಲದಡಿಯ ಗೋಡೆಗಳನ್ನು ಹೀಗೆ ಸ್ಕ್ಯಾನ್ ಮಾಡಿದ ಕೆಲಸ 2023ರಲ್ಲಿ ಪ್ರಕಟವಾಗಿದೆ. ಅಲ್ಲಿ ಲಿಥಿಯಂ ಇರುವುದೇ ಅಭ್ರಕದೊಳಗೆ. ಇನ್ನು ಟಂಗ್‌ಸ್ಟನ್ ಗಣಿಯವರಿಗಂತೂ ಇಷ್ಟು ಸಾಮಾನೇ ಬೇಡ. 254 ನ್ಯಾನೊಮೀಟರ್‌ನ ನೇರಳಾತೀತ ದೀಪ ಹಿಡಿದರೆ ಟಂಗ್‌ಸ್ಟನ್ ಅದಿರಾದ ಷೀಲೈಟ್ ತಾನಾಗಿ ನೀಲಿ ಹೊಳೆಯುತ್ತದೆ, ಬರಿಗಣ್ಣಿಗೇ.

ಫೇಸ್‌ಮ್ಯಾಪರ್ ಬರೆದದ್ದು:

ಎಲ್ಲರಿಗೂ ಧನ್ಯವಾದ. ಮತ್ತೆ ಇಳಿದು ಬಂದೆ.

ಷಿಫ್ಟ್ ಬಾಸ್ ಗೊಣಗಿಕೊಂಡೇ ಬೋಲ್ಟಿಂಗ್ ಆದ ಮೇಲಿನ ಹೊತ್ತು ಕೊಟ್ಟರು. ನಮ್ಮಲ್ಲಿ ಬೋಲ್ಟ್ ಮತ್ತು ಜಾಲರಿ ಅಷ್ಟೇ, ಪ್ರತಿ ರೌಂಡಿಗೂ ಶಾಟ್‌ಕ್ರೀಟ್ ಇಲ್ಲ, ಹಾಗಾಗಿ ಬಚಾವ್. ಫೇಸ್‌ಗೆ 3.5 ಮೀಟರ್ ದೂರ ನಿಂತೆ. ಎಲ್‌ಇಡಿ ಬಂದ್. ಅಲ್ಯೂಮಿನಿಯಂ ಬಟ್ಟಲಿನ, ಅಗಲ ಹರವಿನ ಹ್ಯಾಲೊಜೆನ್, ಎರಡು ಗೋಡೆಗೂ ಒತ್ತಿ, ರೆಗ್ಯುಲೇಟರ್ ಇರೋ ಡಿಸಿಯಲ್ಲಿ. ಮೇಲೆ ತಗಡಿನ ಮಾಡು. ಅದರ ಮೇಲೆ ಹನಿ ಬಿದ್ದಾಗೆಲ್ಲ ಸ್ಕೇಲಿಂಗ್‌ಬಾರ್ ಅವರನ್ನ ನೆನೆಸ್ಕೊಂಡೆ. ಫೇಸ್ ತೊಳೆಸಿ, ಆಮೇಲೆ ಕಂಪ್ರೆಸರ್ ಗಾಳಿ ಹೊಡೆಸಿ ಒಣಗಿಸಿದ್ವಿ. ಕೆಳಭಾಗದ ಎಡ ಮೂಲೆ ಎಷ್ಟು ಹೊಡೆದ್ರೂ ಒಣಗಲಿಲ್ಲ, ಅಲ್ಲಿ ನೀರು ಜಿನುಗ್ತಾನೇ ಇದೆ. 1940 ನೋಡಿ ಆ ತುಂಡನ್ನು ಬಿಟ್ಟುಬಿಟ್ಟೆ.

ಪಟ್ಟೆ ಮಾಯ. ಅಂಚಿನಲ್ಲೂ 2200 ಸ್ಪಷ್ಟ.

"ಕ್ಯಾಲ್ಸೈಟ್" ಮೂರು ಪಾಲಾಗಿ ಒಡೀತು. ಶಿಸ್ಟ್‌ನ ಬಹುಪಾಲು ಕಡೆ 2250ರ ಸಣ್ಣ ತಗ್ಗು ಜೊತೆಗೇ ಇದೆ, ಅಂದ್ರೆ ಅದು ಕ್ಲೋರೈಟ್. ಹಿಂದಿನ ರೌಂಡಿನ ರಂಧ್ರಗಳ ಬುಡ ಉಳಿದಿದೆಯಲ್ಲ, ಅವುಗಳ ಸುತ್ತ ಉಂಗುರದ ಹಾಗೆ 1730 ಮತ್ತು 2310. ಬೋಲ್ಟರ್ ನಿಂತಿದ್ದ ಜಾಗಕ್ಕೆ ಎದುರಾಗಿಯೂ ಹಾಗೇ. ಎಣ್ಣೆ! ನಿಜವಾದ 2340 ಸಿಕ್ಕಿದ್ದು ಸಿರೆಗೆ ಅಡ್ಡಲಾಗಿ ಹೋಗೋ ಬೆರಳಗಲದ ಒಂದು ಎಳೆಯಲ್ಲಿ ಮಾತ್ರ. ಆಸಿಡ್ ಹಾಕಿದೆ, ಜೋರಾಗಿ ನೊರೆ ಬಂತು.

ಈಗ ಹೊಸ ಅನುಮಾನ. ಸಿರೆಯ ಎಡಕ್ಕೆ ಅಭ್ರಕದ ತಗ್ಗು 2198ರಲ್ಲಿ, ಬಲಕ್ಕೆ 2212ರಲ್ಲಿ. ನನ್ನ ಸೆನ್ಸರಿನ ಬ್ಯಾಂಡುಗಳ ನಡುವಿನ ಅಂತರ ಸುಮಾರು 6 ನ್ಯಾನೊಮೀಟರ್. ಈ ವ್ಯತ್ಯಾಸ ನಂಬಬಹುದಾ, ಅಥವಾ ಇದೂ ದೀಪದ ಕಿತಾಪತಿನಾ?

ಕೋರ್‌ಷೆಡ್ ಉತ್ತರ:

ದೀಪ ತಗ್ಗಿನ ಆಳವನ್ನು ಕೆಡಿಸಬಲ್ಲದು, ಜಾಗವನ್ನು 14 ನ್ಯಾನೊಮೀಟರ್ ಸರಿಸಲಾರದು, ನಾಯ್ಸ್ ವಿಪರೀತ ಇಲ್ಲದಿದ್ದರೆ. ಎರಡು ಬ್ಯಾಂಡಿಗಿಂತ ಹೆಚ್ಚಿನ ವ್ಯತ್ಯಾಸ. ಕಂಟಿನ್ಯುಯಮ್ (ತಗ್ಗಿನ ಹಿನ್ನೆಲೆಯ ಇಳಿಜಾರು) ತೆಗೆದು, ತಗ್ಗಿನ ತಳದ ಮೂರು ಬಿಂದುಗಳಿಗೆ ಪ್ಯಾರಾಬೋಲ ಕೂರಿಸಿಯೇ ಕನಿಷ್ಠವನ್ನು ಹುಡುಕಿದ್ದೀರಿ ಎಂದುಕೊಳ್ಳುತ್ತೇನೆ, ಇಲ್ಲದಿದ್ದರೆ ಅದನ್ನು ಮೊದಲು ಮಾಡಿ.

ನಾನು ಅನುಮಾನಿಸುತ್ತಿದ್ದದ್ದು ಸ್ಮೈಲ್ ದೋಷವನ್ನು. ಲೈನ್ ಸ್ಕ್ಯಾನರುಗಳಲ್ಲಿ ಸೀಳಿನ ತುದಿಯಲ್ಲಿ ತರಂಗದೂರ ಕೊಂಚ ಬಾಗುತ್ತದೆ. ಆದರೆ ನಿಮ್ಮ ಸೀಳು ಮೇಲಿಂದ ಕೆಳಕ್ಕಿದೆ. ಸ್ಮೈಲ್ ಆಗಿದ್ದರೆ ಫೇಸ್‌ನ ನಡುಭಾಗಕ್ಕೂ ಮೇಲಿನ–ಕೆಳಗಿನ ತುದಿಗೂ ವ್ಯತ್ಯಾಸ ಬರಬೇಕಿತ್ತು, ಎಡಕ್ಕೂ ಬಲಕ್ಕೂ ಅಲ್ಲ. ನಿಮ್ಮದು ಸಿರೆಯ ಗೆರೆಗೆ ಸರಿಯಾಗಿ ಬದಲಾಗುತ್ತಿದೆ. ಕಲ್ಲಿನದ್ದೇ ಇರಬೇಕು.

ಆದರೂ ಎರಡು ಬದಿಯಿಂದಲೂ ಚೂರು ತೆಗೆದು ಮೇಲೆ ತನ್ನಿ. ಪ್ರೋಬಿನಿಂದ ಓದಿ, ಆಮೇಲೆ ಖನಿಜ ಗುರುತಿಸುವ ಎಕ್ಸ್‌ಆರ್‌ಡಿ (ಎಕ್ಸ್-ರೇ ವಿವರ್ತನ) ಪರೀಕ್ಷೆಗೆ ಕಳಿಸಿ. ಚೂರು ತೆಗೆದ ಜಾಗಕ್ಕೆ ಸ್ಪ್ರೇ ಪೇಂಟ್ ಗುರುತು ಹಾಕುವುದಾದರೆ ಸ್ಕ್ಯಾನ್ ಮುಗಿದ ಮೇಲೆ ಹಾಕಿ. ಪೇಂಟಿನಲ್ಲೂ 1730 ಇರುತ್ತದೆ, ಮತ್ತೆ ಎಣ್ಣೆ ಹುಡುಕುತ್ತಾ ಕೂರುತ್ತೀರಿ.

ಬಿಳಿ ಫಲಕ ಈ ಹೊತ್ತಿಗೆ ಕಂದು ಬಣ್ಣಕ್ಕೆ ತಿರುಗಿರುತ್ತದೆ. ಬಟ್ಟೆಯಲ್ಲಿ ಉಜ್ಜಬೇಡಿ, ಕೊಳೆ ಇನ್ನೂ ಒಳಗೆ ಹೋಗುತ್ತದೆ. ಹರಿಯುವ ನೀರಿನಡಿ ಹಿಡಿದು 220–240 ನಂಬರಿನ ವಾಟರ್‌ಪ್ರೂಫ್ ಎಮರಿ ಕಾಗದದಿಂದ ಮೇಲ್ಪದರ ಸವರಿ, ಒಣಗಿಸಿ.

ಸ್ಕೇಲಿಂಗ್‌ಬಾರ್ ಉತ್ತರ:

ಚೂರು ತೆಗೆಯೋವಾಗ ಸಿರೆಯ ಬಲಗಡೆ ಸುತ್ತಿಗೆ ಹಾಕೋ ಮೊದಲು ಒಂದ್ಸಲ ಬಾರ್‌ನಲ್ಲಿ ತಟ್ಟಿ ನೋಡಿ. ಅಭ್ರಕ ಜಾಸ್ತಿ ಇರೋ ಶಿಸ್ಟ್ ಸಿರೆ ಪಕ್ಕದಲ್ಲಿ ಹಪ್ಪಳದ ಹಾಗೆ ಪದರ ಪದರವಾಗಿ ಬಿಟ್ಕೊಂಡಿರುತ್ತೆ. ಟೊಳ್ಳು ಸದ್ದು ಬಂದ್ರೆ ಅಲ್ಲಿ ಬೇಡ, ಬೇರೆ ಜಾಗದಿಂದ ತೆಗೀರಿ. ಆಮೇಲೆ ಆ 2198, 2212ರ ನಕ್ಷೆ ಇದ್ರೆ ಇಲ್ಲಿ ಹಾಕಿ. ಬಂಡೆ ಎಲ್ಲಿ ಮೆತ್ತಗಿದೆ ಅಂತ ಅದರಲ್ಲೇ ಗೊತ್ತಾಗೋ ಹಾಗಿದ್ರೆ ಬೋಲ್ಟ್ ಎಷ್ಟು ಹತ್ತಿರ ಹಾಕಬೇಕು ಅಂತ ಲೆಕ್ಕ ಹಾಕೋಕೆ ನನಗೂ ಬೇಕು.